ನೆಗ್ಗು, ಬಿರುಕು ಮತ್ತು ಒಂದು ಖಾಲಿ ತೋಟೆ

ಟೆಕ್ಸಸಿನಲ್ಲಿರುವ ನನ್ನ ಭಾವಮೈದುನ ಒಂದು ಭಾನುವಾರ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ ಐದು ಹಿತ್ತಾಳೆಯ ಪುಟ್ಟ ಕೊಳವೆಗಳು, ಒಂದೊಂದೂ ಕಿರುಬೆರಳಿನ ಮೊದಲ ಗೆಣ್ಣಿನಷ್ಟು. ಪಿಸ್ತೂಲಿನ ಖಾಲಿ ತೋಟೆಗಳು. ಅಲ್ಲಿ ಗುರಿ ಹೊಡೆಯುವ ಹವ್ಯಾಸ ಇರುವ ಎಷ್ಟೋ ಜನ ಖಾಲಿ ತೋಟೆಯನ್ನು ಎಸೆಯುವುದಿಲ್ಲ. ನೆಲದಿಂದ ಆಯ್ದು ತಂದು, ತೊಳೆದು, ಅಚ್ಚಿಗೆ ಹಾಕಿ ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಅವನಿಗೂ ಈ ಹುಚ್ಚು ಹತ್ತಿ ನಾಲ್ಕೈದು ವರ್ಷವಾಗಿದೆ. ಫೋಟೋದ ಕೆಳಗೆ ಒಂದು ಸಾಲು: "ಭಾವ, ಇದರಲ್ಲಿ ಕಸದ ಬುಟ್ಟಿಗೆ ಹೋಗಬೇಕಾದ್ದು ಯಾವುದು, ಹೇಳಿ ನೋಡೋಣ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲನೆಯದರ ಬಾಯಿ ಯಾರೋ ತುಳಿದಂತೆ ನೆಗ್ಗಿ ಮೊಟ್ಟೆಯಾಕಾರ ಆಗಿತ್ತು. ಎರಡನೆಯದರ ಬುಡದ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ಕಚ್ಚು. ಮೂರನೆಯದರ ಮೈಮೇಲೆ ಉದ್ದುದ್ದ ಗೀರು. ನಾಲ್ಕನೆಯದು ಮಳೆಯಲ್ಲಿ ನೆಂದು ಕಂದು ಕಲೆಯಾದದ್ದು. ಐದನೆಯದು ಮಾತ್ರ ಈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ ದೀಪದ ಹಾಗೆ ಫಳಫಳ ಹೊಳೆಯುತ್ತಿತ್ತು. "ಮೊದಲನೆಯದು, ಇನ್ನೇನು" ಎಂದು ಬರೆದೆ.

ಅವನು ನಗುವ ಮುಖವೊಂದನ್ನು ಕಳಿಸಿ, ಐದನೆಯದರ ಇನ್ನೊಂದು ಫೋಟೋ ಹಾಕಿದ. ಈ ಸಲ ಬಾಯಿಯ ಹತ್ತಿರದ ಚಿತ್ರ. ಅಂಚಿನಿಂದ ಕೆಳಕ್ಕೆ ಕೂದಲಿನಷ್ಟು ತೆಳುವಾದ ಒಂದು ಗೆರೆ. ಅದು ಗೀರಲ್ಲ, ಬಿರುಕು. "ಉಳಿದ ನಾಲ್ಕೂ ಇನ್ನೂ ಎಷ್ಟೋ ಸಲ ನಡೆಯುತ್ತವೆ ಭಾವ. ನೆಗ್ಗು ಅಚ್ಚಿನಲ್ಲಿ ನೆಟ್ಟಗಾಗುತ್ತೆ. ಇದು ಮುಗೀತು" ಎಂದ.

ನೆಗ್ಗಿದ್ದು ಉಳಿಯುತ್ತದೆ, ಹೊಳೆಯುವುದು ಹೋಗುತ್ತದೆ ಎಂಬ ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕಾರಣ ಹುಡುಕುತ್ತ ಹೋದರೆ ದಾರಿ 1857ರ ಬಂಗಾಳ, ಮೊಂಟಾನಾದ ಒಂದು ಗುಡ್ಡ, ಬ್ರಿಟಿಷ್ ಇಂಡಿಯಾದ ಕುದುರೆ ಲಾಯಗಳನ್ನು ಸುತ್ತಿ, ಕೊನೆಗೆ ನಾನಿರುವ ಪುಣೆಯ ಒಂದು ಗಲ್ಲಿಗೇ ಬಂದು ನಿಂತಿತು.

ಕುಕ್ಕರಿನ ಗ್ಯಾಸ್ಕೆಟ್

ಮೊದಲು, ಈ ಹಿತ್ತಾಳೆಯ ಕೊಳವೆಗೆ ಏನು ಕೆಲಸ ಎಂಬುದನ್ನು ನೋಡೋಣ. ತೋಟೆ ಎಂದರೆ ನಾಲ್ಕು ವಸ್ತುಗಳ ಕಟ್ಟು: ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಕೇಪು, ಈ ಮೂರನ್ನೂ ಹಿಡಿದಿಡುವ ಕೊಳವೆ. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಕೇಪು ಗೊತ್ತು. ಬಡಿದರೆ ಕಿಡಿ ಹಾರಿಸುವ ಪುಟ್ಟ ಬಟ್ಟಲು ಅದು. ಆ ಕೋವಿಯಲ್ಲಿ ಮದ್ದು, ಗುಂಡು, ಕೇಪು ಮೂರನ್ನೂ ಬೇರೆ ಬೇರೆಯಾಗಿ ತುಂಬಬೇಕು. ತೋಟೆಯಲ್ಲಿ ಮೂರೂ ಒಂದೇ ಪೊಟ್ಟಣದಲ್ಲಿರುತ್ತವೆ.

ಪೊಟ್ಟಣವಾಗಿರುವುದಷ್ಟೇ ಕೊಳವೆಯ ಕೆಲಸವಲ್ಲ. ಮದ್ದು ಹೊತ್ತಿಕೊಂಡಾಗ ಹಿತ್ತಾಳೆ ಉಬ್ಬಿ ನಳಿಗೆಯ ಗೂಡಿನ ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಕ್ಷಣದಲ್ಲಿ ಒತ್ತಡ ಇಳಿದಾಗ ಕೂದಲೆಳೆಯಷ್ಟು ಹಿಂದಕ್ಕೆ ಕುಗ್ಗಿ ಗೂಡನ್ನು ಬಿಟ್ಟುಕೊಟ್ಟು ಹೊರಬರುತ್ತದೆ. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಮಾಡುವುದೂ ಇದನ್ನೇ. ಕುಕ್ಕರಿನಲ್ಲಿ ಒತ್ತಡ ಸುಮಾರು 15 ಪಿಎಸ್‌ಐ. 9 ಎಂ.ಎಂ. ಪಿಸ್ತೂಲಿನ ತೋಟೆಗೆ ಅಮೆರಿಕದ ತಯಾರಕರ ಸಂಘ ನಿಗದಿ ಮಾಡಿರುವ ಮಿತಿ 35,000 ಪಿಎಸ್‌ಐ, ಅಂದರೆ ಕುಕ್ಕರಿನ ಎರಡು ಸಾವಿರ ಪಟ್ಟಿಗೂ ಹೆಚ್ಚು. ಹಳೆಯ .45 ಪಿಸ್ತೂಲಿನ ತೋಟೆಗೆ 21,000. ಅದಕ್ಕೇ .45ರ ಖಾಲಿ ತೋಟೆಗಳು ಮರುಬಳಕೆಗೆ ಹೆಚ್ಚು ಕಾಲ ಬಾಳುತ್ತವೆ ಎಂದು ಹವ್ಯಾಸಿಗಳು ಹೇಳುತ್ತಾರೆ.

ಉಬ್ಬಬೇಕು, ಆದರೆ ಸೀಳಬಾರದು. ಹಿಗ್ಗಬೇಕು, ಆದರೆ ಹಿಂದಕ್ಕೆ ಬರಬೇಕು. ಈ ಎರಡನ್ನೂ ಒಟ್ಟಿಗೆ ಮಾಡಬಲ್ಲ ಲೋಹವಾಗಿ ಸಿಕ್ಕಿದ್ದು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆ. ಬಗ್ಗುವ ಗುಣ ಇರುವ ತನಕ ನೆಗ್ಗು ದೊಡ್ಡ ಮಾತಲ್ಲ, ಬಗ್ಗಿದ್ದನ್ನು ಮತ್ತೆ ಬಗ್ಗಿಸಬಹುದು. ಬಿರುಕು ಬಿಟ್ಟಿದೆ ಎಂದರೆ ಬಗ್ಗುವ ಗುಣವೇ ಅಲ್ಲಿ ತೀರಿಹೋಗಿದೆ ಎಂದು ಅರ್ಥ.

ಕಾಗದದಿಂದ ಹಿತ್ತಾಳೆಗೆ

1857ರಲ್ಲಿ ಖಾಲಿ ತೋಟೆ ಎಂಬ ವಸ್ತು ನಮ್ಮ ಸಿಪಾಯಿಗಳ ಕೈಯಲ್ಲಿ ಇರಲಿಲ್ಲ. ಎನ್‌ಫೀಲ್ಡ್ ರೈಫಲಿನ ತೋಟೆ ಕಾಗದದ್ದು. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಮೇಲಿನಿಂದ ಗಜದಲ್ಲಿ ಒತ್ತಬೇಕಿತ್ತು. ಗುಂಡು ಸಲೀಸಾಗಿ ಇಳಿಯಲೆಂದು ಕಾಗದಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬು ದನದ್ದು, ಹಂದಿಯದು ಎಂಬ ಮಾತು ಆ ವರ್ಷದ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಮದ್ದಿನ ಕೋಠಿಯಿಂದ ಹೊರಬಿದ್ದು ದಂಡು ದಂಡಿಗೆ ಹಬ್ಬಿತು. ಮುಂದಿನ ಕತೆ ಶಾಲೆಯ ಪುಸ್ತಕದಲ್ಲಿದೆ.

ಹತ್ತು ವರ್ಷ ಕಳೆಯುವುದರೊಳಗೆ ಕಾಗದದ ತೋಟೆಯ ಕಾಲವೇ ಮುಗಿಯತೊಡಗಿತು. 1866ರಲ್ಲಿ ಬ್ರಿಟಿಷ್ ಸೇನೆ ಎನ್‌ಫೀಲ್ಡಿನ ಹಿಂಭಾಗವನ್ನು ಕತ್ತರಿಸಿ ಬಾಗಿಲಿಟ್ಟು ಸ್ನೈಡರ್ ರೈಫಲ್ ಮಾಡಿಕೊಂಡಿತು. ಅದಕ್ಕೆ ತೋಟೆ ಮಾಡಿಕೊಟ್ಟವನು ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮೇಲ್ವಿಚಾರಕ ಎಡ್ವರ್ಡ್ ಬಾಕ್ಸರ್. ಹಿತ್ತಾಳೆಯ ತೆಳು ಹಾಳೆಯನ್ನು ಸುರುಳಿ ಸುತ್ತಿ, ಬುಡಕ್ಕೆ ಕಬ್ಬಿಣದ ಬಿಲ್ಲೆ ಕೂರಿಸಿದ ತೋಟೆ ಅದು. ಸರಿಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಹೈರಮ್ ಬರ್ಡನ್ ಎಂಬ ಸೇನಾಧಿಕಾರಿ ಬೇರೊಂದು ಬಗೆಯ ಕೇಪಿನ ವ್ಯವಸ್ಥೆ ಮಾಡಿದ.

ಇಬ್ಬರ ನಡುವಿನ ವ್ಯತ್ಯಾಸ ಸಣ್ಣದು, ಪರಿಣಾಮ ದೊಡ್ಡದು. ಕೇಪು ಸಿಡಿಯಬೇಕಾದರೆ ಅದರ ಮದ್ದನ್ನು ಏನಾದರೊಂದು ಗಟ್ಟಿ ಮೊಳೆಗೆ ಒತ್ತಿ ಜಜ್ಜಬೇಕು. ಬಾಕ್ಸರನ ಪದ್ಧತಿಯಲ್ಲಿ ಆ ಮೊಳೆ ಕೇಪಿನೊಳಗೇ ಇರುತ್ತದೆ, ಕೊಳವೆಯ ಬುಡದ ನಡುಮಧ್ಯೆ ಒಂದೇ ತೂತು. ಬರ್ಡನನ ಪದ್ಧತಿಯಲ್ಲಿ ಮೊಳೆ ಕೊಳವೆಯ ಭಾಗವೇ. ಅದು ನಡುವೆ ಕೂತಿರುವುದರಿಂದ ತೂತುಗಳು ಪಕ್ಕಕ್ಕೆ ಸರಿದು ಸಾಮಾನ್ಯವಾಗಿ ಎರಡಾಗುತ್ತವೆ. ನಡುವೆ ಒಂದೇ ತೂತಿದ್ದರೆ, ಹಳೆಯ ಕೇಪನ್ನು ಬಾಯಿಯ ಕಡೆಯಿಂದ ಒಂದು ಕಡ್ಡಿ ತೂರಿಸಿ ನೂಕಿ ತೆಗೆಯಬಹುದು. ಪಕ್ಕದಲ್ಲಿ ಎರಡಿದ್ದರೆ ಅದು ಆಗದ ಮಾತು. ಇತಿಹಾಸದ ತಮಾಷೆ ಎಂದರೆ, ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನದು ಬ್ರಿಟನ್ನೂ ಸೇರಿ ಯುರೋಪಿನ ಸೇನೆಗಳಲ್ಲಿ. ನನ್ನ ಭಾವಮೈದುನನ ಹವ್ಯಾಸ ಅಷ್ಟು ಸಲೀಸಾಗಿ ನಡೆಯುತ್ತಿರುವುದು ಬಾಕ್ಸರನ ಆ ಒಂದು ತೂತಿನಿಂದ.

ಅಮೆರಿಕದ ಪಶ್ಚಿಮದಲ್ಲಿ ಕಾಡೆಮ್ಮೆ ಬೇಟೆಗಾರರು 1870ರ ದಶಕದಲ್ಲೇ ರಾತ್ರಿ ಬಿಡಾರದ ಬೆಂಕಿಯ ಮುಂದೆ ಕೂತು ತೋಟೆ ತುಂಬುತ್ತಿದ್ದರು. ಸೀಸ, ಮದ್ದು, ಕೇಪು ಗಾಡಿಯಲ್ಲಿ ಇರುತ್ತಿದ್ದವು. ಅಂಗಡಿ ನೂರಾರು ಮೈಲಿ ದೂರ ಇರುವಾಗ ಖಾಲಿ ಹಿತ್ತಾಳೆಯೇ ಬೆಲೆಬಾಳುವ ಒಡವೆ. 1884ರಲ್ಲಿ ಜಾನ್ ಬಾರ್ಲೊ ಎಂಬಾತ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ತೆರೆದು, ಈ ಕೆಲಸಕ್ಕೆಂದೇ ಕೈಯಲ್ಲಿ ಹಿಡಿಯುವ ಉಪಕರಣ ಮಾರತೊಡಗಿದ. ಅದರ ಚಿತ್ರ ನೋಡಿದರೆ ನಮ್ಮ ಅಡಕತ್ತರಿಯೇ ನೆನಪಾಗುತ್ತದೆ: ಎರಡು ಹಿಡಿ, ನಡುವೆ ಕೀಲು, ತುದಿಯಲ್ಲಿ ಅಚ್ಚು.

ಕಣ್ಣಿಗೆ ಕಾಣುವ ಗಾಯ

ಸುರುಳಿ ಸುತ್ತಿದ ಹಾಳೆಯ ತೋಟೆಗೆ ನೆಗ್ಗು ನಿಜವಾಗಿಯೂ ಶತ್ರುವಾಗಿತ್ತು. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲಿಗೂ ಮೊದಮೊದಲು ಅದೇ ಬಗೆಯ ತೋಟೆ. ಸೊಂಟಪಟ್ಟಿಯಲ್ಲಿ ಅಲುಗಾಡಿ ನೆಗ್ಗಿದರೆ ಅದು ಗೂಡಿನೊಳಗೆ ಸರಿಯಾಗಿ ಕೂರುತ್ತಿರಲಿಲ್ಲ. ಹೊಡೆದ ಮೇಲೆ ತೆಳು ಹಾಳೆ ಬಿಸಿ ನಳಿಗೆಗೆ ಅಂಟಿ, ಎಳೆದರೆ ಬುಡ ಮಾತ್ರ ಕಿತ್ತು ಬರುತ್ತಿತ್ತು. 1885ರ ಜನವರಿಯಲ್ಲಿ ಸೂಡಾನಿನ ಅಬು ಕ್ಲಿಯಾ ಕಾಳಗದಲ್ಲಿ ಮರಳು, ಬಿಸಿ, ತೆಳು ಹಿತ್ತಾಳೆ ಮೂರೂ ಸೇರಿ ರೈಫಲುಗಳು ಸಿಕ್ಕಿಕೊಂಡ ದೂರು ಜೋರಾಗಿ ಕೇಳಿಬಂತು. ಕ್ರಮೇಣ ಸುರುಳಿಯ ಜಾಗಕ್ಕೆ, ಒಂದೇ ಹಿತ್ತಾಳೆ ಬಿಲ್ಲೆಯನ್ನು ಬಟ್ಟಲು ಮಾಡಿ, ಬಟ್ಟಲನ್ನು ಎಳೆದೆಳೆದು ಉದ್ದ ಮಾಡಿದ ಇಡಿಯಾದ ಕೊಳವೆ ಬಂತು. ಇವತ್ತಿಗೂ ಅದೇ ಇದೆ.

ಇದಕ್ಕಿಂತ ಒಂಬತ್ತು ವರ್ಷ ಹಿಂದೆ ಅಮೆರಿಕದಲ್ಲೂ ಇಂಥದೇ ದೂರು ಹುಟ್ಟಿತ್ತು. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಶಯೆನ್ ಮುಂತಾದ ಮೂಲನಿವಾಸಿಗಳು ಕಸ್ಟರ್ ಎಂಬ ದಂಡನಾಯಕನನ್ನೂ ಅವನ ಜೊತೆಗಿದ್ದ ಐದು ತುಕಡಿಗಳನ್ನೂ ಪೂರ್ತಿಯಾಗಿ ಸೋಲಿಸಿದರು. ಸೈನಿಕರ ತೋಟೆಗಳು ಮೆತ್ತನೆಯ ತಾಮ್ರದವು. ಅವು ಗೂಡಿನಲ್ಲಿ ಸಿಕ್ಕಿಕೊಂಡವು, ಪಾಪ, ಸೈನಿಕರು ಚಾಕುವಿನಿಂದ ಖಾಲಿ ತೋಟೆ ಕೀಳುತ್ತ ಸತ್ತರು ಎಂಬ ಕತೆ ನೂರು ವರ್ಷ ಓಡಿತು. ಸೋಲಿಗೆ ತಾಮ್ರವೇ ಕಾರಣ ಎಂದಾದರೆ, ಗೆದ್ದವರ ಯುದ್ಧಕೌಶಲಕ್ಕೆ ಅಷ್ಟೇನೂ ಮನ್ನಣೆ ಕೊಡಬೇಕಾಗಿಲ್ಲವಲ್ಲ!

1983ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಆ ರಣಭೂಮಿಯ ಹುಲ್ಲನ್ನೆಲ್ಲ ಸುಟ್ಟು ನೆಲ ಬಯಲು ಮಾಡಿತು. ಮರುವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮತ್ತು ಸಂಗಡಿಗರು ಲೋಹಶೋಧಕ ಹಿಡಿದು ಇಡೀ ಜಾಗವನ್ನು ಜಾಲಾಡಿದರು. ಸಿಕ್ಕ ಪ್ರತಿ ಖಾಲಿ ತೋಟೆ ಎಲ್ಲಿತ್ತು ಎಂದು ನಕ್ಷೆಯಲ್ಲಿ ಗುರುತಿಸಿ, ಆಮೇಲೆ ಅವುಗಳ ಗಾಯಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದರು. ಒಂದು ಬಂದೂಕಿನ ಮುಳ್ಳು ಕೇಪಿನ ಮೇಲೆ ಬಿಡುವ ಗುರುತು ಇನ್ನೊಂದರದರಂತೆ ಇರುವುದಿಲ್ಲ. ಹಾಗಾಗಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸರಿದಾಡಿತು ಎಂದು ಹೇಳಬಹುದಾಯಿತು. ಬುಡದ ಅಂಚಿನಲ್ಲಿ ಚಾಕು ಹಾಕಿ ಮೀಟಿದ ಗೀರು ಎಷ್ಟರಲ್ಲಿದೆ ಎಂದೂ ಎಣಿಸಿದರು. ಸೈನಿಕರ ತೋಟೆಗಳಲ್ಲಿ ಅಂಥ ಗೀರು ಇದ್ದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ತೋಟೆ ಸಿಕ್ಕಿಕೊಂಡದ್ದು ನಿಜ, ಆದರೆ ಯುದ್ಧ ಸೋತದ್ದು ಅದರಿಂದಲ್ಲ.

ನೂರು ವರ್ಷದ ಬಾಯಿಮಾತನ್ನು ಖಾಲಿ ತೋಟೆಯ ಅಂಚಿನ ಒಂದು ಗೀರು, ಇಲ್ಲ, ಆ ಗೀರು ಇಲ್ಲದಿರುವುದು, ಸರಿಪಡಿಸಿತು. ಕಣ್ಣಿಗೆ ಕಾಣುವ ಗಾಯದ ಒಳ್ಳೆಯ ಗುಣ ಇದು. ಅದು ನಡೆದದ್ದನ್ನು ಮುಚ್ಚಿಡುವುದಿಲ್ಲ. ತೊಂದರೆ ಇರುವುದೆಲ್ಲ ಕಾಣದ ಗಾಯದಲ್ಲಿ.

ಪಾದರಸ

ಅಂಥ ಕಾಣದ ಗಾಯ ಮೊದಲು ಬಂದದ್ದು ಕೇಪಿನಿಂದ. ಆ ಕಾಲದ ಕೇಪಿನಲ್ಲಿ ಸಿಡಿಯುವ ವಸ್ತು ಪಾದರಸದ ಫಲ್ಮಿನೇಟ್. ಸಿಡಿದಾಗ ಪಾದರಸ ಆವಿಯಾಗಿ ಬಿಡುಗಡೆಯಾಗುತ್ತದೆ. ಕರಿಮದ್ದು ಬಳಸುತ್ತಿದ್ದ ತನಕ ಯಾರಿಗೂ ಇದರ ಚಿಂತೆ ಇರಲಿಲ್ಲ. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ ಉಳಿಯುತ್ತದೆ. ಪಾದರಸ ಆ ಮಸಿಯಲ್ಲಿ ಸೇರಿ, ತೊಳೆದಾಗ ಅದರ ಜೊತೆಗೇ ಹೋಗುತ್ತಿತ್ತು.

19ನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. ಮಸಿ ಇಲ್ಲ, ನಳಿಗೆ ಚೊಕ್ಕ, ಖಾಲಿ ತೋಟೆಯೂ ಚೊಕ್ಕ. ಆದರೆ ಈಗ ಪಾದರಸ ನೇರವಾಗಿ ಹಿತ್ತಾಳೆಗೆ ತಗುಲಿ ಅದರೊಳಗೆ ಸೇರಿಕೊಳ್ಳತೊಡಗಿತು. ನೋಡಲು ಏನೂ ಆಗಿಲ್ಲ, ತೊಳೆದರೆ ಹೊಸದರಂತೆ. ಮತ್ತೆ ತುಂಬಿ ಹೊಡೆದರೆ ಮಾತ್ರ ಒಣಗಿದ ಹಪ್ಪಳದ ಹಾಗೆ ಒಡೆಯುತ್ತಿತ್ತು. ಖಾಲಿ ತೋಟೆಯನ್ನು ಮತ್ತೆ ಬಳಸಬೇಕೆಂಬ ಆಸೆಯಿಂದಲೇ ಅಮೆರಿಕದ ಸೇನೆ ಕೇಪಿನಿಂದ ಪಾದರಸವನ್ನು ತೆಗೆಯುವ ದಾರಿ ಹಿಡಿಯಿತು. ಗಲೀಜು ಕಾಪಾಡುತ್ತಿದ್ದ ಲೋಹವನ್ನು ಶುಚಿತ್ವ ಕೆಡಿಸಿದ ಕತೆ ಇದು.

ಮಳೆಗಾಲದ ಬಿರುಕು

ಇನ್ನು ನಮ್ಮ ದೇಶದ ಕತೆಗೆ ಬರೋಣ. ಬ್ರಿಟಿಷ್ ಇಂಡಿಯಾದಲ್ಲಿ ಮಳೆಗಾಲ ಬಂತೆಂದರೆ ದಂಡಿನ ಓಡಾಟ ಕಡಿಮೆ. ದಾರಿ ಕೆಸರು, ಹೊಳೆ ತುಂಬು. ತೋಟೆಯ ಪೆಟ್ಟಿಗೆಗಳನ್ನು ಎಲ್ಲಾದರೂ ಮಾಡಿನ ಕೆಳಗೆ ಇಡಬೇಕು. ಕುದುರೆ ಲಾಯಕ್ಕೆ ಹೇಗೂ ಮಾಡು ಇದೆ. ಅಲ್ಲೇ ಇಟ್ಟರು. ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ, ಒಂದೂ ಸಲ ಹೊಡೆಯದ, ನೆಗ್ಗಿಲ್ಲದ, ಹೊಸ ತೋಟೆಗಳಲ್ಲಿ ಬಿರುಕು. ಅದೂ ಹೆಚ್ಚಾಗಿ ಕತ್ತಿನಲ್ಲಿ, ಗುಂಡನ್ನು ಬಿಗಿದು ಹಿಡಿದ ಕಡೆ.

ಕತ್ತು ಸೀಳಿದ ತೋಟೆ ಸೈನಿಕನಿಗೆ ನಂಬಿಕೆಗೆ ಬರುವ ವಸ್ತುವಲ್ಲ. ಗುಂಡು ಸಡಿಲವಾಗಬಹುದು, ಮದ್ದಿಗೆ ತೇವ ಹೋಗಬಹುದು, ಬಿರುಕು ಕೆಳಕ್ಕೆ ಇಳಿದಿದ್ದರೆ ಅನಿಲ ಹಿಂದಕ್ಕೆ ನುಗ್ಗಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಿತ್ತು. ಮಳೆಗಾಲಕ್ಕೆ ಸರಿಯಾಗಿ ಕಾಣಿಸಿಕೊಂಡದ್ದಕ್ಕೆ ಆ ಹೆಸರು ಎಂದು ಕೆಲವರು, ಹಸಿ ಮರ ಒಣಗುವಾಗ ಬಿಡುವ ಸೀಳಿನ ಹಾಗೆ ಇರುವುದಕ್ಕೆ ಎಂದು ಕೆಲವರು ಹೇಳುತ್ತಾರೆ. ಕಾರಣ ತಿಳಿಯದಾಗ ಕಾಲದ ಮೇಲೆ ಹಾಕಿದ್ದಂತೂ ಹೌದು.

ಪೂರ್ತಿ ಉತ್ತರ ಸಿಕ್ಕಿದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹತಜ್ಞರು ಈ ಬಿರುಕಿಗೆ ಎರಡು ಕಾರಣ ಒಟ್ಟಿಗೆ ಬೇಕು ಎಂದು ತೋರಿಸಿದರು. ಒಂದು ಲಾಯದ ಗಾಳಿಯಲ್ಲಿತ್ತು. ಕುದುರೆಯ ಗಂಜಲ ಕೊಳೆತು ಅಮೋನಿಯಾ ಏಳುತ್ತದೆ, ಮಳೆಗಾಲದ ತೇವದಲ್ಲಿ ಅದು ಹಿತ್ತಾಳೆಯ ಮೈಮೇಲೆ ತೆಳ್ಳಗೆ ಕೂರುತ್ತದೆ. ಇನ್ನೊಂದು ಹಿತ್ತಾಳೆಯೊಳಗೇ ಇತ್ತು. ಕೊಳವೆಯನ್ನು ತಣ್ಣಗಿರುವಾಗಲೇ ಎಳೆದು, ಒತ್ತಿ, ಕತ್ತನ್ನು ಹಿಸುಕಿ ಆಕಾರಕ್ಕೆ ತಂದಾಗ ಲೋಹದೊಳಗೆ ಒಂದು ಬಿಗಿತ ಉಳಿದುಬಿಡುತ್ತದೆ. ಹೊರಗಿನಿಂದ ಯಾರೂ ಎಳೆಯದಿದ್ದರೂ ಲೋಹ ತನ್ನೊಳಗೆ ತಾನೇ ಎಳೆದಾಡುತ್ತಿರುತ್ತದೆ. ಹಿತ್ತಾಳೆ ಎಂದರೆ ಒಂದಕ್ಕೊಂದು ಅಂಟಿದ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳ ರಾಶಿ. ಅಮೋನಿಯಾ ಆ ಹರಳುಗಳ ನಡುವಿನ ಬೆಸುಗೆಯನ್ನು ತಿನ್ನುತ್ತದೆ. ಒಳಗಿನ ಬಿಗಿತ ತಿಂದ ಕಡೆಯಲ್ಲಿ ಬಾಯಿ ತೆರೆಸುತ್ತದೆ, ತೆರೆದ ಬಾಯಿಗೆ ಅಮೋನಿಯಾ ಮತ್ತೆ ಇಳಿಯುತ್ತದೆ.

ಬಿಗಿತ ಇಲ್ಲದ ಹಿತ್ತಾಳೆ ಲಾಯದಲ್ಲಿದ್ದರೆ ಬಣ್ಣ ಕೆಡುತ್ತದೆ, ಇಂಥ ಸೀಳು ಬಿಡುವುದಿಲ್ಲ. ಬಿಗಿತ ಇದ್ದರೂ ಅಮೋನಿಯಾದಂಥ ವಸ್ತು ತಾಗದಿದ್ದರೆ ಎಷ್ಟೋ ಕಾಲ ಹಾಗೇ ಇರಬಹುದು. ಎರಡೂ ಕೂಡಿದರೆ ಮಾತ್ರ ಕೇಡು. ತಪ್ಪು ಕುದುರೆಯದೂ ಅಲ್ಲ, ಮಳೆಯದೂ ಅಲ್ಲ. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಒಳಗೆ ಸೇರಿದ್ದನ್ನು ಲಾಯ ಹೊರಗೆ ತೋರಿಸಿತು, ಅಷ್ಟೆ.

ಪರಿಹಾರ ಸರಳವಾಗಿತ್ತು. ಕೊಳವೆಯನ್ನು ಕೊನೆಗೊಮ್ಮೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಬೇಕು. ಅಷ್ಟು ಬಿಸಿಗೆ ಲೋಹ ಮೆತ್ತಗಾಗುವುದಿಲ್ಲ, ಗಟ್ಟಿತನ ಉಳಿಯುತ್ತದೆ, ಆದರೆ ಒಳಗಿನ ಎಳೆದಾಟ ಸಡಿಲವಾಗುತ್ತದೆ. ಬಿಗಿತ ಉಳಿದಿದೆಯೇ ಎಂದು ಪರೀಕ್ಷಿಸಲು ಮಾದರಿಯ ಕೊಳವೆಯನ್ನು ಪಾದರಸದ ನೈಟ್ರೇಟಿನ ದ್ರಾವಣದಲ್ಲಿ ಅದ್ದುವ ಕ್ರಮವೂ ರೂಢಿಗೆ ಬಂತು. ಬಿಗಿತ ಇದ್ದರೆ ನೋಡುತ್ತಿದ್ದಂತೆ ಬಿರುಕು ಬಿಡುತ್ತದೆ. ಹಿಂದೆ ಖಾಲಿ ತೋಟೆಯನ್ನು ಕೆಡಿಸಿದ ಪಾದರಸವೇ ಈಗ ಪರೀಕ್ಷಕನಾಯಿತು. ಇಂದು ಕೊಳಾಯಿ, ಕವಾಟ, ವಿದ್ಯುತ್ ಸಾಮಾನುಗಳ ಹಿತ್ತಾಳೆ ಭಾಗಗಳ ಬಗ್ಗೆ ಎಂಜಿನಿಯರುಗಳು ಓದುವ ಪಾಠದ ಮೊದಲ ಉದಾಹರಣೆ ನಮ್ಮ ಮಳೆಗಾಲದ ಈ ತೋಟೆಯೇ.

ತಾಂಬಟ್ ಆಳಿ

ಇಷ್ಟು ಓದಿಕೊಂಡ ಮೇಲೆ ನನಗೆ ನೆನಪಾದದ್ದು ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿ, ಎಂದರೆ ತಾಮ್ರಗಾರರ ಬೀದಿ. ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದವರ ಮನೆತನಗಳು ಇಂದಿಗೂ ಅಲ್ಲಿ ಪಾತ್ರೆ ಬಡಿಯುತ್ತವೆ. ಆ ಬೀದಿಯೊಳಗೆ ಕಾಲಿಟ್ಟರೆ ಸುತ್ತಿಗೆಯ ಸದ್ದು ಕಿವಿ ತುಂಬುತ್ತದೆ.

ಅಲ್ಲಿ ಒಬ್ಬ ಹಿರಿಯರು ಹಂಡೆಯೊಂದನ್ನು ಬಡಿಯುತ್ತಿದ್ದರು. ಸ್ವಲ್ಪ ಹೊತ್ತು ಬಡಿಯುವುದು, ನಿಲ್ಲಿಸಿ ಕುಲುಮೆಗೆ ಹಿಡಿಯುವುದು, ತಣಿಸಿ ಮತ್ತೆ ಬಡಿಯುವುದು. ನಡುನಡುವೆ ಯಾಕೆ ಕಾಯಿಸುತ್ತೀರಿ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಬಡಿದಷ್ಟೂ ತಾಮ್ರಕ್ಕೆ ಹಟ ಬರುತ್ತದೆ, ಕಾಯಿಸಿದರೆ ಹಟ ಬಿಡುತ್ತದೆ, ಹಟ ಬಿಡಿಸದೆ ಬಡಿದರೆ ಒಡೆಯುತ್ತದೆ ಎಂದರು. ನೆಗ್ಗಿದರೆ ಎಂದು ಕೇಳಿದೆ. ನಕ್ಕರು. ನೆಗ್ಗು ತೆಗೆಯುವುದೇ ನಮ್ಮ ಹೊಟ್ಟೆಪಾಡು ಎಂದರು.

1921ರ ಪ್ರಬಂಧ ಅಳತೆ ಹಾಕಿ, ಶಾಖ ಲೆಕ್ಕ ಮಾಡಿ ಹೇಳಿದ್ದನ್ನು ಈ ಬೀದಿ ಮೊದಲೇ ತಿಳಿದಿತ್ತು ಎಂದು ನಾನು ಹೇಳಲಾರೆ. ಅಮೋನಿಯಾದ ಪಾತ್ರ, ಎಷ್ಟು ಡಿಗ್ರಿಗೆ ಗಟ್ಟಿತನ ಉಳಿಸಿಕೊಂಡೇ ಬಿಗಿತ ಇಳಿಸಬಹುದು ಎಂಬ ಲೆಕ್ಕ, ಇವು ಪ್ರಯೋಗಶಾಲೆಯಿಂದಲೇ ಬರಬೇಕಿತ್ತು. ಆದರೆ ಲೋಹ ಒಳಗೊಳಗೆ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತದೆ, ಆ ನೆನಪನ್ನು ಬೆಂಕಿ ಅಳಿಸುತ್ತದೆ ಎಂಬ ತಿಳಿವಳಿಕೆ ಕಂಚುಗಾರರ ಕೈಯಲ್ಲಿ ತಲೆತಲಾಂತರದಿಂದ ಇದೆ.

ಟೆಕ್ಸಸಿನ ಮೇಜಿನ ಮೇಲಿನ ಐದನೇ ತೋಟೆಗೆ ಆದದ್ದೂ ಈ ಹಟವೇ. ಪಿಸ್ತೂಲಿನ ಖಾಲಿ ತೋಟೆಯನ್ನು ಪ್ರತಿ ಸಲ ಅಚ್ಚಿನಲ್ಲಿ ಬಿಗಿದು, ಗುಂಡು ಕೂರಲೆಂದು ಬಾಯಿ ಅಗಲಿಸಿ, ಕೂತ ಮೇಲೆ ಮತ್ತೆ ಹಿಸುಕುತ್ತಾರೆ. ಮದ್ದು ಅದನ್ನು ಇನ್ನೊಮ್ಮೆ ಉಬ್ಬಿಸುತ್ತದೆ. ಹೀಗೆ ಬಾಯಿಯ ಅಂಚು ಸಲಸಲಕ್ಕೂ ಗಟ್ಟಿಯಾಗುತ್ತ, ಒಂದು ದಿನ ಬಗ್ಗಲಾರದೆ ಸೀಳುತ್ತದೆ. ಅದು ಸೀಳಿದ್ದು ಒಂದು ಪೆಟ್ಟಿಗಲ್ಲ, ಹತ್ತಿಪ್ಪತ್ತು ಸಲದ ಪೆಟ್ಟು ಕೂಡಿದ್ದಕ್ಕೆ. ಅನುಭವಸ್ಥರು ಅಮೋನಿಯಾ ಇರುವ ಪಾಲಿಶನ್ನು ಖಾಲಿ ತೋಟೆಗೆ ಮುಟ್ಟಿಸುವುದಿಲ್ಲವಂತೆ. ಅವರಲ್ಲಿ ಎಷ್ಟು ಜನರಿಗೆ ನಮ್ಮ ಮಳೆಗಾಲದ ಲಾಯಗಳ ಕತೆ ಗೊತ್ತಿದೆಯೋ!

ಬಿರುಕನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ ಎಂದೂ ಭಾವಮೈದುನ ಹೇಳಿದ. ಒಂದು ಹಿಡಿ ಖಾಲಿ ತೋಟೆಗಳನ್ನು ಬೊಗಸೆಯಲ್ಲಿ ಕುಲುಕಿದರೆ ಚೆನ್ನಾಗಿರುವವು ಕಿಣಿಕಿಣಿ ಎನ್ನುತ್ತವೆ, ಸೀಳಿದ್ದು ಒಂದಿದ್ದರೂ ನಡುವೆ ಒಡಕು ಸದ್ದು ಬರುತ್ತದೆ. ನಮ್ಮಮ್ಮ ಸಂತೆಯಲ್ಲಿ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದದ್ದು ನೆನಪಾಯಿತು.

ಲೆಕ್ಕ

ತಾಂಬಟ್ ಆಳಿಯಿಂದ ಸ್ವಲ್ಪ ದೂರದಲ್ಲಿ ಜೂನಾ ಬಜಾರು. ಬುಧವಾರ, ಭಾನುವಾರ ಹಳೇ ಸಾಮಾನಿನ ಸಂತೆ. ಅಲ್ಲೊಬ್ಬನ ಬಳಿ ತೂಕಕ್ಕೆ ಮಾರುವ ಹಿತ್ತಾಳೆಯ ಗುಡ್ಡೆಯಲ್ಲಿ ನಲ್ಲಿ, ಗಂಟೆ, ಮುರಿದ ದೀಪಗಳ ನಡುವೆ ಒಂದು ಖಾಲಿ ತೋಟೆ ಸಿಕ್ಕಿತು. ಸುಮಾರು ಐದೂವರೆ ಸೆಂಟಿಮೀಟರ್ ಉದ್ದ, .303 ರೈಫಲಿನದು. ಬುಡದಲ್ಲಿ ಕೆ, ಎಫ್ ಎಂಬ ಎರಡು ಇಂಗ್ಲಿಷ್ ಅಕ್ಷರ. ಬ್ರಿಟಿಷರು ಕಿರ್ಕಿ ಎನ್ನುತ್ತಿದ್ದ ಖಡ್ಕಿಯ ಮದ್ದುಗುಂಡಿನ ಕಾರ್ಖಾನೆಯ ಗುರುತು. 1869ರಲ್ಲಿ ಶುರುವಾದ ಆ ಕಾರ್ಖಾನೆ ಇಂದಿಗೂ ಇದೆ, ನಾನು ದಿನವೂ ಅದೇ ದಿಕ್ಕಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಬಾಯಿಯೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ತಳದಲ್ಲಿ ಎರಡು ಪುಟ್ಟ ತೂತು, ಬರ್ಡನನ ಪದ್ಧತಿ. ಕತ್ತಿನಲ್ಲಿ ಒಂದು ಉದ್ದ ಸೀಳು. ಅದು ಹೊಡೆಯುವಾಗ ಸೀಳಿದ್ದೋ, ಮೊದಲೇ ಯಾವುದೋ ಮಳೆಗಾಲದಲ್ಲಿ ಸೀಳಿದ್ದೋ, ನನಗೆ ಓದಲು ಬರಲಿಲ್ಲ.

ಕೈಯಲ್ಲಿ ಹಿಡಿದು ನಿಂತಾಗ ಬೇರೊಂದು ಲೆಕ್ಕ ನೆನಪಾಯಿತು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಡಯರ್‌ನ ಸಿಪಾಯಿಗಳು ಹೊಡೆದದ್ದು ಇದೇ .303 ತೋಟೆಗಳನ್ನು. ಸುಮಾರು ಹತ್ತು ನಿಮಿಷದಲ್ಲಿ 1,650. ಆ ಸಂಖ್ಯೆ ಸರ್ಕಾರದ ವಿಚಾರಣೆಯ ದಾಖಲೆಯಲ್ಲಿದೆ. ಸತ್ತವರು ಎಷ್ಟು? ಸರ್ಕಾರ 379 ಎಂದಿತು, ಕಾಂಗ್ರೆಸ್ಸಿನ ವಿಚಾರಣೆ ಸಾವಿರದ ಹತ್ತಿರ ಎಂದಿತು, ಇಂದಿಗೂ ಒಮ್ಮತವಿಲ್ಲ. ಹಿತ್ತಾಳೆಗೆ ಇದ್ದ ಲೆಕ್ಕ ಮನುಷ್ಯರಿಗೆ ಇರಲಿಲ್ಲ. ಎರಡು ವರ್ಷದ ನಂತರ ಅದೇ ಸಾಮ್ರಾಜ್ಯದ ತಜ್ಞರು ತೋಟೆಯ ಕತ್ತಿನಲ್ಲಿ ಬಿರುಕು ಏಕೆ ಬರುತ್ತದೆಂದು ಸೂಕ್ಷ್ಮವಾಗಿ ಕಂಡುಹಿಡಿದರು. ಒಳಗೆ ತುಂಬಿದ ಬಿಗಿತ ಹೊರಗೆ ಕಾಣುವುದಿಲ್ಲ, ಅದಕ್ಕೆ ಸರಿಯಾದ ಗಾಳಿ ತಗುಲಿದ ದಿನ ಬಿರುಕು ಬಿಡುತ್ತದೆ ಎಂಬುದು ಅವರ ತೀರ್ಮಾನ. ತಾವು ಆಳುತ್ತಿದ್ದ ನೆಲದ ವಿಷಯದಲ್ಲಿ ಅವರ ದೊರೆಗಳಿಗೆ ಅದು ಹೊಳೆಯಲಿಲ್ಲ.

ಅಂಗಡಿಯವನು ತಕ್ಕಡಿ ಎತ್ತಿ ಬೆಲೆ ಹೇಳಿದ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟೆಯ ಬಿಡಿಭಾಗವನ್ನೂ ತೋಟೆಯೆಂದೇ ಎಣಿಸುತ್ತದೆ, ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಭಾವಮೈದುನನ ಹವ್ಯಾಸ ಅಲ್ಲಿಗೆ, ನಮ್ಮ ಮನೆಯ ಮೇಜಿಗಲ್ಲ. ತೋಟೆಯನ್ನು ಗುಡ್ಡೆಗೆ ವಾಪಸ್ ಹಾಕಿ, ಬಾಯಿ ಸ್ವಲ್ಪ ನೆಗ್ಗಿದ್ದ ಒಂದು ಹಿತ್ತಾಳೆ ಚೊಂಬು ಆರಿಸಿದೆ. ತಟ್ಟಿ ಕೇಳಿದೆ, ನಾದ ಚೆನ್ನಾಗಿತ್ತು. ದಾರಿಯಲ್ಲಿ ತಾಂಬಟ್ ಆಳಿಯ ಆ ಹಿರಿಯರ ಹತ್ತಿರ ಕೊಟ್ಟರೆ ನಾಲ್ಕು ಪೆಟ್ಟಿನಲ್ಲಿ ನೆಗ್ಗು ತೆಗೆದುಕೊಟ್ಟರು. ದುಡ್ಡು ಬೇಡ ಎಂದರು.